ದಬ್ಬಳ ಇಳಿದ ಜಾಗ

ತಿಪಟೂರಿನ ಮಸೀದಿ ಹಿಂದಿನ ಓಣಿಯಲ್ಲಿ ನಿಂತು ನಸೀಮ್ ಬಾನು ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ‘ಚೀಲ ಹೊಲಿಯೋ ಬೂಬಮ್ಮ’ ಎಂದರೆ ಮಾತ್ರ ಬೆರಳು ತೋರಿಸುತ್ತಿದ್ದರು. ಕೊಬ್ಬರಿ ಮಂಡಿಗಳಿಂದ ಹರಿದ ಗೋಣಿಚೀಲಗಳು ಕಟ್ಟುಗಟ್ಟಲೆ ಅವಳ ಅಂಗಳಕ್ಕೆ ಬರುತ್ತಿದ್ದವು. ಗೋಣಿ ಹೊಲಿಯುವ ಆ ದಪ್ಪ ಸೂಜಿಗೆ, ದಬ್ಬಳಕ್ಕೆ, ಸೆಣಬಿನ ದಾರ ಪೋಣಿಸಿ ಅವಳು ತೇಪೆ ಹಾಕಿ ಕಳಿಸುತ್ತಿದ್ದಳು. ಹುಟ್ಟಿದ್ದು ಚಿಕ್ಕನಾಯಕನಹಳ್ಳಿಯಲ್ಲಿ, ದರ್ಜಿಯ ಮಗಳಾಗಿ. ಅಪ್ಪನ ಮನೆಯ ಸಣ್ಣ ಸೂಜಿಯಿಂದ ಗಂಡನ ಮನೆಯ ದಬ್ಬಳಕ್ಕೆ ಬಡ್ತಿ ಸಿಕ್ಕಿತು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಹೆಂಗಸು ಅವಳು.

ಗಂಡ ಸನಾವುಲ್ಲಾ ಟಿಂಕರ್. ಗುದ್ದಿಸಿಕೊಂಡು ಬಂದ ಕಾರು, ವ್ಯಾನುಗಳ ತಗಡು ಬಡಿದು ನೇರ ಮಾಡುವುದು, ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಅವನ ಕಸುಬು. ಬೇರೆ ಅಂಗಡಿ ಇರಲಿಲ್ಲ, ಮನೆಯ ಅಂಗಳವೇ ಗ್ಯಾರೇಜು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಸುತ್ತಿಗೆಯ ಸದ್ದಿಗೆ ಬೆಚ್ಚಿದ ನಸೀಮ್ ಮನೆಯೇ ಕುಸಿಯಿತೆಂದು ಬೀದಿಗೆ ಓಡಿದ್ದಳಂತೆ. ಅತ್ತೆ ನಕ್ಕು, ಈ ಮನೆ ಸೊಸೆಗೆ ಇರುವುದು ಎರಡೇ ಕೆಲಸ, ಹೊತ್ತಿಗೆ ಸರಿಯಾಗಿ ಅನ್ನ ಇಡುವುದು, ಜೋರಾಗಿ ಮಾತಾಡುವುದು ಎಂದಿದ್ದರು. ಮೂವತ್ತು ವರ್ಷ ಅವಳು ಎರಡನ್ನೂ ಚೆನ್ನಾಗಿಯೇ ಮಾಡಿದಳು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಅಂಗಳದ ಒಂದು ಮೂಲೆಗೆ ಅವಳು, ಇನ್ನೊಂದು ಮೂಲೆಗೆ ಅವನು, ನಡುವೆ ಯಾರದ್ದಾದರೂ ಒಂದು ಗಾಡಿ.

ಸನಾವುಲ್ಲಾನ ಹೆಸರು ಇದ್ದದ್ದು ಕೈಗಿಂತ ಹೆಚ್ಚಾಗಿ ಕಿವಿಗೆ. ಸುತ್ತಿಗೆಯ ಹಿಡಿಯಿಂದ ಕಾರಿನ ಮೈಯನ್ನು ಟಕಟಕ ಬಡಿಯುತ್ತಾ ಒಂದು ಸುತ್ತು ಬಂದರೆ ಸಾಕು, ಇಲ್ಲಿ ಪುಟ್ಟಿ ಮೆತ್ತಿದ್ದಾರೆ, ಇಲ್ಲಿ ತಗಡು ಗಟ್ಟಿ, ಇಲ್ಲಿ ಒಳಗಿನಿಂದ ತುಕ್ಕು ತಿಂದು ಕಾಗದ ಆಗಿದೆ ಎಂದು ಹೇಳಿಬಿಡುತ್ತಿದ್ದ. ತೆಂಗಿನ ಸೀಮೆಯ ಜನಕ್ಕೆ ಇದು ತೀರಾ ಹೊಸ ವಿದ್ಯೆಯೇನಲ್ಲ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವವರು ಅವರು. ಸಾಬ್ರು ಕಾರನ್ನೂ ಕಾಯಿ ಥರವೇ ನೋಡ್ತಾರೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಹಳೆ ಗಾಡಿ ಕೊಳ್ಳುವ ಮೊದಲು ಅರಸೀಕೆರೆಯಿಂದಲೂ ಬಂದು ಅವನನ್ನು ಕರೆದುಕೊಂಡು ಹೋಗುವವರಿದ್ದರು.

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಹಾಲ್ಕುರಿಕೆಯಿಂದ ಟ್ರಾಕ್ಟರ್ ಟ್ರೈಲರಿನ ಮೇಲೆ ಒಂದು ಪುಟ್ಟ ಮಾರಿಸ್ ಮೈನರ್ ಬಂದಿತು. ಕಾರು ಅನ್ನುವುದಕ್ಕಿಂತ ಕಾರಿನ ಹೆಣ ಅಂದರೇ ಸರಿ. ಮೇಲ್ಛಾವಣಿ ಜರಡಿಯಾಗಿತ್ತು, ಬಾಗಿಲು ಎಳೆದರೆ ಬಾಗಿಲೇ ಕೈಗೆ ಬರುತ್ತಿತ್ತು, ಕಾಲಿಡುವ ಜಾಗದಲ್ಲಿ ಟ್ರೈಲರಿನ ಹಲಗೆ ಕಾಣುತ್ತಿತ್ತು. ಅದರ ಹಿಂದೆಯೇ ಬಸ್ಸಿಳಿದು ನಡೆದು ಬಂದವಳು ವನಜಾಕ್ಷಿ. ಕಿಬ್ಬನಹಳ್ಳಿಯ ಶಾಲೆಯಲ್ಲಿ ಟೀಚರು. ಗಂಡ ತೀರಿಹೋದ ಮೇಲೆ ಹಾಲ್ಕುರಿಕೆಯಲ್ಲಿ ಅಣ್ಣ ಶಿವಣ್ಣನ ಮನೆಯಲ್ಲಿದ್ದಳು. ಅಪ್ಪನ ತೋಟ ಅಣ್ಣನ ಹೆಸರಿಗೆ ಆಗುವಾಗ ಅವನು ಬಾಯಿಮಾತಿಗೆ, ನಿನಗೇನು ಬೇಕಮ್ಮ ಎಂದು ಕೇಳಿದ್ದ. ಅವಳು ಒಂದು ತೆಂಗಿನ ಮರವನ್ನೂ ಕೇಳಲಿಲ್ಲ, ಅಪ್ಪನ ಕಾರು ಕೊಡು ಅಂದಳು. ಶಿವಣ್ಣನಿಗೆ ನಗು ತಡೆಯಲಾಗಲಿಲ್ಲ. ತುಕ್ಕು ತಾನೆ, ಹೊತ್ಕೊಂಡು ಹೋಗು ಅಂದ.

ನಗುವ ವಿಷಯವೇನೂ ಅದಾಗಿರಲಿಲ್ಲ. ಶಾಲೆಗೆ ಹೋಗಲು ಬೆಳಿಗ್ಗೆ ಎರಡು ಬಸ್ಸು, ಬರಲು ಸಂಜೆ ಎರಡು ಬಸ್ಸು. ಬಸ್ಸು ತಪ್ಪಿದ ದಿನ ಊರಿನ ಯಾರದ್ದಾದರೂ ಬೈಕ್ ಹತ್ತಿದರೆ ಮಾರನೆಯ ದಿನದೊಳಗೆ ಅದಕ್ಕೆ ರೆಕ್ಕೆಪುಕ್ಕ ಬಂದಿರುತ್ತಿತ್ತು. ಗಂಡ ಸತ್ತವಳು ಯಾರ ಬೆನ್ನ ಹಿಂದೆ ಕೂತಳು ಎಂಬುದಕ್ಕಿಂತ ದೊಡ್ಡ ವಿಚಾರ ಕೆಲವರಿಗೆ ಈ ಲೋಕದಲ್ಲಿ ಇಲ್ಲ. ವನಜಾಕ್ಷಿ ಒಂದು ರಜೆಯಲ್ಲಿ ಹಲ್ಲು ಕಚ್ಚಿ ಡ್ರೈವಿಂಗ್ ಕಲಿತಿದ್ದಳು. ಇನ್ನು ಯಾರ ಗಾಡಿಗೂ ಕೈ ಅಡ್ಡ ಹಿಡಿಯೋದಿಲ್ಲ ಅಂತ ತೀರ್ಮಾನ ಮಾಡಿದೀನಿ ನಸೀಮಕ್ಕ ಎಂದು ಮೊದಲ ದಿನವೇ ಹೇಳಿದಳು. ನಸೀಮ್‌ಗೆ ಅವಳು ಅಲ್ಲಿಯೇ ಇಷ್ಟವಾಗಿಬಿಟ್ಟಳು.

ಕಾರು ಇಷ್ಟು ಕೊಳೆತದ್ದು ಹೇಗೆ ಎಂದು ಕೇಳಿದಾಗ ಟ್ರಾಕ್ಟರಿನ ಜೊತೆ ಬಂದಿದ್ದ ಶಿವಣ್ಣ, ಅಯ್ಯೋ ನಾವು ಅದನ್ನ ಮಗು ಥರ ನೋಡ್ಕೊಂಡಿದ್ವಿ ಎಂದ. ಅಪ್ಪ ಓಡಿಸುವುದು ಬಿಟ್ಟ ಮೇಲೆ ಅದನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿದ್ದರು. ಅಟ್ಟದಲ್ಲಿ ಕೊಳೆತ ಕಾಯಿಗಳು ಒಡೆದು ಮೇಲಿನಿಂದ ಹುಳಿನೀರು ತೊಟ್ಟಿಕ್ಕಿತು. ಕೆಳಗಿನ ಥಂಡಿ ತಾಗದಿರಲೆಂದು ಕಾಯಿ ಸುಲಿದ ಮಟ್ಟೆಗಳನ್ನು ಕಾರಿನ ಅಡಿಗೆ ಒತ್ತೊತ್ತಾಗಿ ತುಂಬಿದರು. ತೆಂಗಿನವರ ನಂಬಿಕೆ ಅದು, ಮಟ್ಟೆ ಥಂಡಿಯನ್ನು ಕುಡಿದುಬಿಡುತ್ತದೆ ಅಂತ. ಕುಡಿಯುತ್ತದೆ ನಿಜ, ಆದರೆ ಕುಡಿದದ್ದನ್ನು ಬಿಡುವುದಿಲ್ಲ. ಹದಿನೈದು ಮಳೆಗಾಲದ ನೀರನ್ನು ಅದು ಕಾರಿನ ಹೊಟ್ಟೆಗೆ ಒತ್ತಿ ಹಿಡಿದಿತ್ತು. ಸಾಲದ್ದಕ್ಕೆ ಪ್ರತಿ ಆಯುಧಪೂಜೆಗೆ ಬಾಗಿಲ ಕಡೆ ಕಾಣುವ ಬಲಮಗ್ಗುಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಕುಂಕುಮ ಇಟ್ಟು, ಹೂ ಮುಡಿಸುತ್ತಿದ್ದರು. ಗೋಡೆ ಕಡೆಯ ಎಡಮಗ್ಗುಲಿಗೆ ಆ ಭಾಗ್ಯವೂ ಇರಲಿಲ್ಲ. ತುಕ್ಕಿಗೆ ಹಾಸಿಗೆ ಹಾಸಿ ಮಲಗಿಸಿದ್ದೀರಲ್ಲ ಶಿವಣ್ಣೋರೆ ಎಂದು ಸನಾವುಲ್ಲಾ ನಕ್ಕ.

ಕಾರು ತೆಂಗಿನ ದಿಮ್ಮಿಗಳ ಮೇಲೆ ಕೂತಿತು. ಎಂಜಿನ್ ಕಳಚಿಕೊಂಡು ಹೋಗಿ ಸರಿ ಮಾಡುವುದು ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಬಿಲಾಲನ ಪಾಲಿಗೆ, ಮೈಯೆಲ್ಲ ಸನಾವುಲ್ಲಾನ ಪಾಲಿಗೆ. ಅವನಿಗೆ ಅರವತ್ತು ಹತ್ತಿರವಾಗಿತ್ತು. ಇಂಥ ಪೂರ್ತಿ ಕೊಳೆತ ಗಾಡಿಯನ್ನು ಎಳೆಯರೂ ಮುಟ್ಟುತ್ತಿರಲಿಲ್ಲ. ಇವನು ಮಾತ್ರ ಹಟ ಹಿಡಿದವನಂತೆ ಕೂತ. ಛಾವಣಿ ಕತ್ತರಿಸಿ ಹೊಸದು ಹೂಡಿದ, ನೆಲದ ತಗಡು ಕಿತ್ತು ಬೇರೆ ಹಾಕಿದ. ಮಕರ ಸಂಕ್ರಾಂತಿಯ ಹೊತ್ತಿಗೆ ಹೆಣ ಹೋಗಿ ಕಾರಿನ ಆಕಾರ ಕಾಣತೊಡಗಿತ್ತು.

ನಸೀಮ್‌ಗೆ ಗಂಡನ ಗುಟ್ಟು ತಿಳಿದದ್ದು ಆ ಚಳಿಯ ದಿನಗಳಲ್ಲೇ. ಅವರ ಮನೆಯಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿತ್ತು. ಮಸೀದಿಯಿಂದ ಆಜಾನ್ ಕೂಗು ಕೇಳಿದ ಕೂಡಲೇ ಅವಳು ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದಳು, ಅವನು ಸುತ್ತಿಗೆ ಕೆಳಗಿಡುತ್ತಿದ್ದ. ಒಂದು ಬೆಳಿಗ್ಗೆ ಕುಳಿರ್ಗಾಳಿ ಬೀಸಿತೆಂದು ಅವಳು ಸೆರಗು ತಲೆಗೆ ಹೊದ್ದಳು. ಸನಾವುಲ್ಲಾ ಸುತ್ತಿಗೆ ಇಟ್ಟು ಕೈಕಾಲು ತೊಳೆಯಲು ಎದ್ದ. ಎಲ್ಲಿಗೆ ಎಂದರೆ ಆಜಾನ್ ಆಯ್ತಲ್ಲ ಎಂದ. ಮಧ್ಯಾಹ್ನದ ನಮಾಜಿಗೆ ಇನ್ನೂ ಬಹಳ ಹೊತ್ತಿತ್ತು. ತಮಾಷೆ ಇರಬೇಕು ಎಂದುಕೊಂಡಳು. ಆದರೂ ಮನಸ್ಸು ಒಪ್ಪದೆ, ಮಾರನೆಯ ದಿನ ಆಜಾನ್ ಕೂಗಿದಾಗ ಸೆರಗು ಮುಟ್ಟದೆ ಸುಮ್ಮನೆ ಕೂತು ನೋಡಿದಳು.

ಕೂಗು ಗೋಡೆಯ ಆಚೆಯಿಂದಲೇ ಬರುತ್ತಿತ್ತು. ಅವನು ಬಡಿಯುತ್ತಲೇ ಇದ್ದ. ಕೂಗು ಮುಗಿಯಿತು, ಆಗಲೂ ಬಡಿಯುತ್ತಿದ್ದ. ನಡುನಡುವೆ ಕಣ್ಣೆತ್ತಿ ಅವಳ ತಲೆಯ ಕಡೆ ನೋಡುತ್ತಿದ್ದ. ಅವಳು ಸೆರಗು ಎಳೆದುಕೊಂಡಳು. ಅವನು ಸುತ್ತಿಗೆ ಕೆಳಗಿಟ್ಟ.

ಎಷ್ಟು ದಿನದಿಂದ ಹೀಗೋ, ಎಷ್ಟು ವರ್ಷದಿಂದಲೋ. ಅವನು ಎದುರಿಗೆ ಕೂತಾಗ ಮಾತ್ರ ಉತ್ತರ ಕೊಡುತ್ತಿದ್ದದ್ದು, ಬೆನ್ನ ಹಿಂದಿನಿಂದ ಕರೆದರೆ ತಿರುಗದೇ ಇದ್ದದ್ದು, ಅದಕ್ಕೆ ತಾನು ಸೊಕ್ಕಿನ ಮನುಷ್ಯ ಎಂದು ಬೈದದ್ದು ಎಲ್ಲ ಒಂದೊಂದಾಗಿ ನೆನಪಾದವು. ಅವನು ನಮಾಜಿಗೆ ಹೋದ ಮೇಲೆ ಅವಳು ಚೀಲದಲ್ಲಿ ಮುಖ ಒತ್ತಿಕೊಂಡು ಅತ್ತಳು. ಅವನು ಬಂದಾಗ ಏನೂ ಕೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಊರಿಗೆಲ್ಲ ಕಿವಿಯಿಂದ ಹೆಸರಾದವನಿಗೆ ಕಿವಿಯೇ ಹೋಯಿತು ಎಂದು ಓಣಿಗೆ ತಿಳಿದರೆ ಇನ್ನು ಆ ಅಂಗಳಕ್ಕೆ ಯಾವ ಗಾಡಿ ಬಂದೀತು? ಆ ಕೆಲಸ ಬಿಟ್ಟರೆ ಅವನಲ್ಲಿ ಬೇರೆ ಮನುಷ್ಯ ಇರಲಿಲ್ಲ. ಅವನು ಮುಚ್ಚಿಟ್ಟಿದ್ದರೆ ನಾನೂ ಮುಚ್ಚಿಡುತ್ತೇನೆ ಎಂದು ಅವಳು ತೀರ್ಮಾನಿಸಿದಳು. ಅಲ್ಲಿಂದ ಮುಂದೆ ಆಜಾನ್ ಆದಾಗ ಸೆರಗನ್ನು ಸ್ವಲ್ಪ ದೊಡ್ಡದಾಗಿಯೇ ಎಳೆದುಕೊಳ್ಳುತ್ತಿದ್ದಳು.

ಬರೀ ಅಷ್ಟೇ ಆಗಿದ್ದರೆ ಅದು ಗಂಡ ಹೆಂಡಿರ ನಡುವಿನ ಮಾತಾಗಿ ಉಳಿಯುತ್ತಿತ್ತು. ಆದರೆ ಈ ಪುಟ್ಟ ಕಾರುಗಳಿಗೆ ಲಾರಿಗಳಿಗಿರುವಂಥ ಬೇರೆ ಚಾಸಿ ಇರುವುದಿಲ್ಲ. ಎರಡೂ ಬದಿಯ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೊಳ್ಳು ಪಟ್ಟಿಗಳೇ ಗಾಡಿಯ ಬೆನ್ನುಮೂಳೆ. ಅವು ಕೊಳೆತರೆ ಒಂದಲ್ಲ ಒಂದು ದಿನ ಗುಂಡಿಗೆ ಇಳಿದಾಗ ಗಾಡಿ ನಡುಮುರಿದು ಕೂರುತ್ತದೆ ಎಂದು ಸನಾವುಲ್ಲಾನೇ ವನಜಾಕ್ಷಿಗೆ ವಿವರಿಸಿದ್ದ. ಎಡಗಡೆಯದು ಕಣ್ಣಿಗೆ ಕಾಣುವಷ್ಟು ಕೊಳೆತಿತ್ತು, ಅದನ್ನು ಕಿತ್ತು ಹೊಸದು ಬೆಸೆದ. ಬಲಗಡೆಯದು, ಡ್ರೈವರ್ ಕೂರುವ ಕಡೆಯದು, ಎಣ್ಣೆ ಕುಡಿದು ಮೇಲಿನಿಂದ ಮಿಂಚುತ್ತಿತ್ತು. ಅವನು ಸುತ್ತಿಗೆಯ ಹಿಡಿಯಿಂದ ಅದನ್ನು ಬಡಿಯುತ್ತಾ ಹೋದ. ಅಂಗಳದ ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ನಸೀಮ್ ತಲೆಯೆತ್ತಿದಳು. ಹೊಸ ಪಟ್ಟಿ ಟಣ್ ಟಣ್ ಎಂದಿತ್ತು. ಇದು ನಡುವಿನಲ್ಲಿ ಒಂದು ಕಡೆ ದಬ್ ದಬ್ ಎಂದಿತು, ಕೊಬ್ಬರಿ ಕೊಳೆತ ಕಾಯಿಯ ಹಾಗೆ. ಮೂವತ್ತು ವರ್ಷ ಆ ಸದ್ದುಗಳ ಮಗ್ಗುಲಲ್ಲಿ ಕೂತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸನಾವುಲ್ಲಾ, ಇದು ಗಟ್ಟಿ ಇದೆ ಎಂದು ಎದ್ದ.

ಅವಳು ಸುತ್ತಿ ಬಳಸಿ ಹೇಳಿ ನೋಡಿದಳು. ಒಂದು ಕಡೆ ಬದಲಾಯಿಸಿದ ಮೇಲೆ ಇನ್ನೊಂದು ಕಡೆಯೂ ಬದಲಾಯಿಸಿಬಿಟ್ಟರೆ ನೋಡಲು ಜೋಡಿಯಾಗಿರುತ್ತದಲ್ಲ ಎಂದಳು. ನೀನು ಚೀಲ ನೋಡ್ಕೋ ಎಂದು ಅವನು ಗದರಿದ. ಇನ್ನೊಂದು ದಿನ ಕೇಳಿದರೆ ಊಟದ ತಟ್ಟೆ ಬಿಟ್ಟು ಎದ್ದ. ಅಷ್ಟು ಕೋಪ ಏಕೆಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತಿದೆಯೆಂದು ಅವನಿಗೆ ಗೊತ್ತೋ ಇಲ್ಲವೋ ಅಷ್ಟು ಮಾತ್ರ ಗೊತ್ತಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಪಟ್ಟಿಗೆ ಕೆಂಪು ತಳಬಣ್ಣ ಬಿತ್ತು, ಅದರ ಮೇಲೆ ವನಜಾಕ್ಷಿ ಆರಿಸಿದ ಎಳನೀರು ಬುರುಡೆಯ ಹಸಿರು ಬಿತ್ತು. ಮೇಲೆ ಬಸಪ್ಪ ಒಳಗೆ ವಿಷಪ್ಪ ಎನ್ನುವುದು ಮನುಷ್ಯರಿಗೆ ಮಾತ್ರ ಹೇಳಿದ ಗಾದೆಯಲ್ಲ.

ಬಿಲಾಲ್ ಎಂಜಿನ್ ತಂದು ಕೂರಿಸಿದ ಮೇಲೆ ಒಂದು ಭಾನುವಾರ ವನಜಾಕ್ಷಿ ಬಂದಳು. ಕಾರನ್ನು ನೋಡಿ ಅವಳ ಕಣ್ಣು ತುಂಬಿದವು. ಸ್ಟಿಯರಿಂಗ್ ಹಿಂದೆ ಕೂತು, ಬನ್ನಿ ನಸೀಮಕ್ಕ ಎಂದು ಪಕ್ಕದ ಸೀಟು ತಟ್ಟಿದಳು. ನಸೀಮ್ ಹೋಗಿ ಕೂತಳು. ಬರುವ ವಾರದಿಂದ ಶಾಲೆಗೆ ಇದರಲ್ಲೇ ಹೋಗುವುದು, ದಾರಿಯಲ್ಲಿ ಇನ್ನಿಬ್ಬರು ಟೀಚರುಗಳನ್ನೂ ಹತ್ತಿಸಿಕೊಳ್ಳುವುದು ಎಂದು ಅವಳು ಹೇಳುತ್ತಾ ಹೋದಳು. ನಸೀಮ್‌ಗೆ ತಿಪಟೂರಿನಿಂದ ಕಿಬ್ಬನಹಳ್ಳಿಯವರೆಗಿನ ರಸ್ತೆ ಕಣ್ಣಿಗೆ ಕಟ್ಟಿತು. ಕೊಬ್ಬರಿ ಲಾರಿಗಳು ಒಂದರ ಹಿಂದೊಂದು ನುಗ್ಗುವ ರಸ್ತೆ, ಮಳೆ ಬಿದ್ದರೆ ಮೊಣಕಾಲುದ್ದ ಗುಂಡಿ. ಈ ಹೆಂಗಸಿನ ಸೀಟಿನ ಕೆಳಗೆ ಕೈಯಗಲದಷ್ಟು ಜಾಗ ಕಾಗದವಾಗಿದೆ. ಹೇಳಬೇಕೆಂದು ಬಾಯಿ ತೆರೆದಳು. ಆಚೆ ಸನಾವುಲ್ಲಾ ಬಾಗಿಲಿಗೆ ಒರಗಿ ನಿಂತು, ತಾನು ಮಾಡಿದ ಕಾರಿನಲ್ಲಿ ಇಬ್ಬರು ಹೆಂಗಸರು ಕೂತಿದ್ದನ್ನು ನೋಡಿ ನಗುತ್ತಿದ್ದ. ಎಷ್ಟೋ ದಿನದ ಮೇಲೆ ಕಂಡ ನಗು. ಅವಳ ಬಾಯಿಂದ ಬಂದದ್ದು, ಚೆನ್ನಾಗಿದೆ ಟೀಚರಮ್ಮ ಎಂಬ ಮಾತು. ಆ ಮಾತು ಆಡಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಶನಿವಾರ ಕಾರು ಹೋಗುವುದೆಂದು ನಿಶ್ಚಯವಾಗಿತ್ತು. ಶುಕ್ರವಾರ ಮಧ್ಯಾಹ್ನ ಸನಾವುಲ್ಲಾ ಜುಮ್ಮಾ ನಮಾಜಿಗೆ ಹೊರಟ. ಅವನ ಬೆನ್ನು ಓಣಿಯಲ್ಲಿ ಮರೆಯಾದ ಮೇಲೆ ಅವಳು ಹೊಲಿಯುತ್ತಿದ್ದ ಚೀಲದಿಂದ ದಬ್ಬಳ ಬಿಡಿಸಿಕೊಂಡು ಕಾರಿನ ಬಲಮಗ್ಗುಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಮಿರಮಿರ ಮಿಂಚುವ ಹೊಸ ಬಣ್ಣ. ತಾನು ತಪ್ಪಾಗಿ ಕೇಳಿರಲಿ ಎಂದು ದೇವರಲ್ಲಿ ಬೇಡಿಕೊಂಡೇ ದಬ್ಬಳದ ಮೊನೆ ಒತ್ತಿದಳು. ಹಳೆ ಗೋಣಿಗಾದರೂ ಸ್ವಲ್ಪ ತಡೆ ಇರುತ್ತದೆ. ಇಲ್ಲಿ ದಬ್ಬಳ ದಾರ ಪೋಣಿಸುವ ಕಣ್ಣಿನವರೆಗೂ ಒಳಗೆ ಇಳಿದುಹೋಯಿತು. ಅವಳು ಅದನ್ನು ಹೊರಗೆ ಎಳೆಯಲಿಲ್ಲ. ಹಾಗೆಯೇ ಬಿಟ್ಟು ಬಂದು, ಸೂಜಿಯಿಲ್ಲದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು.

ಸನಾವುಲ್ಲಾ ಬಂದವನು ಮೊದಲು ಕಾರನ್ನೇ ನೋಡಿದ. ಬಣ್ಣದಿಂದ ಹೊರಗೆ ಚಾಚಿಕೊಂಡಿದ್ದ ದಬ್ಬಳದ ತುದಿಯನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು. ಅವಳ ಎದುರಿಗೆ ಬಂದು ನಿಂತು, ಏನು ಇದು, ಯಾರು ಕೇಳಿದ್ರು ನಿನ್ನ ಎಂದು ಓಣಿಗೆಲ್ಲ ಕೇಳುವ ಹಾಗೆ ಅರಚಿದ. ಅವಳು ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಚೆನ್ನಾಗಿ ಕಾಣುವ ಹಾಗೆ, ಮೆಲ್ಲಗೆ ಹೇಳಿದಳು.

“ನಿಮಗೆ ಕೇಳಿಸ್ಲಿಲ್ಲ. ನಂಗೆ ಕೇಳಿಸ್ತು.”

ಅವನು ಕೈ ಎತ್ತಿದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತದ ಕೈ. ಅದು ಗಾಳಿಯಲ್ಲೇ ನಿಂತು, ಆಮೇಲೆ ಅವನ ಕಿವಿಯನ್ನೇ ಮುಚ್ಚಿತು. ಅವನು ಅಲ್ಲೇ ನೆಲದ ಮೇಲೆ ಕೂತ. ಯಾವಾಗಿಂದ ಗೊತ್ತು ಎಂದು ಕೇಳಿದ. ಸಂಕ್ರಾಂತಿಯಿಂದ ಎಂದಳು. ನಂಗೆ ನಾಲ್ಕು ವರ್ಷದಿಂದ ಗೊತ್ತು ಕಣೇ ಎಂದ. ಮೊದಲು ಹಕ್ಕಿಗಳು ಹೋದವಂತೆ, ಆಮೇಲೆ ಮೊಮ್ಮಕ್ಕಳ ಮಾತು, ಆಮೇಲೆ ಆಜಾನ್, ಕೊನೆಗೆ ತಗಡು. ಸುತ್ತಿಗೆಯ ಪೆಟ್ಟು ಮುಂಗೈಗೆ ಬರುತ್ತಿತ್ತಲ್ಲ, ಅದನ್ನೇ ಸದ್ದು ಅಂದುಕೊಂಡು ಕಾಲ ತಳ್ಳಿದೆ ಎಂದ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಸಿಟ್ಟನ್ನು ನುಂಗಿಕೊಂಡಳು.

ಶನಿವಾರ ಕಾರು ಹೋಗಲಿಲ್ಲ. ಅವನು ಪಟ್ಟಿ ಕೊಯ್ದ. ಒಳಗಿನಿಂದ ಕರ್ರಗಿನ ಮಟ್ಟೆಯ ನಾರು, ತುಕ್ಕಿನ ಪುಡಿ ಮಡಿಲು ತುಂಬುವಷ್ಟು ಸುರಿಯಿತು. ವನಜಾಕ್ಷಿ ಬಂದು ತನ್ನ ಹೊಸ ಹಸಿರು ಕಾರಿನ ಮಗ್ಗುಲು ಸೀಳಿರುವುದನ್ನು ನೋಡಿ ನಿಂತುಬಿಟ್ಟಳು. ಸನಾವುಲ್ಲಾ ಏನನ್ನೂ ಮುಚ್ಚಿಡಲಿಲ್ಲ. ಕಿವಿ ಹೋಗಿದೆ ಟೀಚರಮ್ಮ, ನಾನು ಸುಳ್ಳು ಗಟ್ಟಿ ಅಂದೆ, ಇವಳು ಹೇಳಿದ್ದಕ್ಕೆ ಉಳೀತು ಎಂದ. ವನಜಾಕ್ಷಿ ನೆಲದ ಮೇಲಿನ ಆ ಕಪ್ಪು ಪುಡಿಯನ್ನು ಕಾಲಿನಿಂದ ಮುಟ್ಟಿ ನೋಡಿದಳು. ಆಮೇಲೆ ನಸೀಮ್ ಕಡೆ ತಿರುಗಿದಳು.

“ಅವತ್ತು ನನ್ನ ಪಕ್ಕ ಕೂತಿದ್ರಲ್ಲ ನಸೀಮಕ್ಕ, ಆಗ್ಲೂ ಗೊತ್ತಿತ್ತಾ?”

ಸುಳ್ಳು ಹೇಳುವುದು ಸುಲಭವಿತ್ತು. ನಸೀಮ್ ಹೂಂ ಎಂದಳು. ಮಾಡಿಟ್ಟ ಟೀ ಮುಟ್ಟದೆ, ಕೆಲಸ ಆದಾಗ ಹೇಳಿ ಕಳಿಸಿ ಎಂದು ವನಜಾಕ್ಷಿ ಹೊರಟುಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಸೀಮ್ ಆ ಟೀಯನ್ನು ತಾನೂ ಕುಡಿಯಲಿಲ್ಲ, ಚೆಲ್ಲಿದಳು.

ಹೊಸ ಪಟ್ಟಿ ಬೆಸೆದದ್ದಾಯಿತು. ಒಂದು ಕಡೆ ತಪ್ಪಿದ ಮೇಲೆ ಇನ್ನೆಲ್ಲಿ ತಪ್ಪಿದೆಯೋ ಎಂದು ಸನಾವುಲ್ಲಾನಿಗೆ ದಿಗಿಲು ಹಿಡಿಯಿತು. ಅವಳನ್ನು ಕಾರಿನ ಪಕ್ಕ ಮಣೆ ಹಾಕಿ ಕೂರಿಸಿದ. ತಾನು ಬಡಿಯುವುದು, ಅವಳ ಮುಖ ನೋಡುವುದು. ಅವಳು ತಲೆಯಾಡಿಸಿದರೆ ಮುಂದಕ್ಕೆ ಹೋಗುವುದು. ಮುಂದಿನ ಮಡ್ಗಾರ್ಡು, ಬಾಗಿಲು, ಡಿಕ್ಕಿ, ಎಲ್ಲ ಆಯಿತು. ಒಂದು ತಾಸು ಗಂಡ ತನ್ನ ಮುಖವನ್ನೇ ಅಷ್ಟು ಗಮನವಿಟ್ಟು ನೋಡಿದ್ದು ಮದುವೆಯಾದ ಹೊಸತರಲ್ಲೂ ಇರಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ಹಿಂದಿನ ಚಕ್ರದ ಮೇಲೆ ಬಾಗಿದ ತಗಡಿನ ಹತ್ತಿರ ಅವನು ಬಡಿದ. ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಎಂದಳು. ಬಡಿದ. ಟಣ್ ಎಂದಿತೋ, ದಬ್ ಎಂದಿತೋ. ಮತ್ತೊಮ್ಮೆ ಎಂದಳು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳಿದಳು. ಸದ್ದು ಎಲ್ಲೋ ದೂರದ ಓಣಿಯಿಂದ ಬಂದ ಹಾಗಿತ್ತು. ಕಣ್ಣು ಬಿಟ್ಟರೆ ಅವನು ಕಾಯುತ್ತಿದ್ದ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಟೀಚರಮ್ಮನ ಮುಖ ನೆನಪಾಗಿ, ಕೆಟ್ಟಿದೆ ಎಂದಳು. ಅವನು ಕೊಯ್ದ. ಒಳಗಡೆ ತಗಡು ಅಂಗಡಿಯಿಂದ ತಂದಷ್ಟು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಅವನು ಅದನ್ನು ಬೆರಳಿನಿಂದ ಸವರಿ ಅವಳ ಕಡೆ ನೋಡಿದ. ಮತ್ತೆ ಬೆಸೆದ. ಆವತ್ತಿನಿಂದ ಅವರು ಬಡಿದು ನೋಡುವುದನ್ನು ನಿಲ್ಲಿಸಿದರು.

ಕಾರು ಕೊಡುವ ದಿನ ಸನಾವುಲ್ಲಾ ದಬ್ಬಳವನ್ನೇ ವನಜಾಕ್ಷಿಯ ಕೈಗೆ ಕೊಟ್ಟು, ನಮ್ಮಿಬ್ಬರ ಮಾತನ್ನೂ ನಂಬಬೇಡಿ, ಎಲ್ಲಿ ಬೇಕಾದರೂ ಚುಚ್ಚಿ ನೋಡಿ, ಬಣ್ಣ ಹಾಳಾದರೆ ಮತ್ತೆ ಹೊಡೆದುಕೊಡುತ್ತೇನೆ ಎಂದ. ಅವಳು ನಾಚಿಕೊಳ್ಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮಣ್ಣಿನಲ್ಲಿ ಮೊಣಕಾಲೂರಿ, ಕಾರಿನ ಅಡಿಯನ್ನೆಲ್ಲ ಚುಚ್ಚಿ ನೋಡಿದಳು. ಎಲ್ಲೂ ಇಳಿಯಲಿಲ್ಲ. ದಬ್ಬಳ ಹಿಂದಕ್ಕೆ ಕೊಡುವಾಗ ನಸೀಮ್ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು, ಆದರೆ ಬನ್ನಿ ಪಕ್ಕ ಕೂತ್ಕೊಳ್ಳಿ ಎಂದು ಕರೆಯಲಿಲ್ಲ. ಹಸಿರು ಕಾರು ಓಣಿಯ ತಿರುವಿನಲ್ಲಿ ಒಮ್ಮೆ ನಿಂತು, ಗೇರ್ ಕರಕರ ಎನ್ನಿಸಿ, ಮುಂದಕ್ಕೆ ಹೋಯಿತು.

ಆ ಮಳೆಗಾಲವೆಲ್ಲ ಕಾರು ಕಿಬ್ಬನಹಳ್ಳಿಗೆ ಹೋಗಿ ಬಂದಿತು. ಶಿವಣ್ಣನೇ ಈಗ ಊರೂರಲ್ಲಿ ಅದರ ಗುಣಗಾನ ಮಾಡುತ್ತಿದ್ದ. ಟಿಂಕರನ ಕಿವಿಯ ವಿಷಯ ತಂಗಿ ಅವನಿಗೆ ಹೇಳಿರಲಿಲ್ಲ, ಅಷ್ಟು ಮರ್ಯಾದೆ ಅವಳು ಉಳಿಸಿಕೊಟ್ಟಿದ್ದಳು. ದಸರಾ ಹತ್ತಿರವಾದಾಗ ಅವನು ತುರುವೇಕೆರೆ ಕಡೆಯ ಹುಚ್ಚರಂಗಯ್ಯ ಎಂಬ ತೋಟದವರನ್ನು ಕರೆದುಕೊಂಡು ಬಂದ. ಅವರ ಹತ್ತಿರವೂ ತಂದೆಯ ಕಾಲದ ಒಂದು ಕಾರಿತ್ತು, ಇದಕ್ಕಿಂತ ಹೆಚ್ಚು ಕೊಳೆತದ್ದು. ಸಾಬ್ರೆ, ನಿಮ್ಮನ್ನ ಬುಟ್ರೆ ಇದು ಬೇರೆಯವರ ಕೈಲಾಗಲ್ಲ ಕಣ್ರೀ ಎಂದು ಶಿವಣ್ಣ ಪೀಠಿಕೆ ಹಾಕಿದ.

ಬಂದ ಗಾಡಿಗಳನ್ನೆಲ್ಲ ಸನಾವುಲ್ಲಾ ಏನಾದರೊಂದು ನೆಪ ಹೇಳಿ ತಿರುಗಿಸಿ ಕಳಿಸುತ್ತಿದ್ದ, ಅಂಗಳ ಖಾಲಿಯಾಗಿ ಆರು ತಿಂಗಳಾಗಿತ್ತು. ಬಂದವರ ಮಾತನ್ನೆಲ್ಲ ಸನಾವುಲ್ಲಾ ಅವರ ತುಟಿಗಳ ಮೇಲೆ ಕಣ್ಣಿಟ್ಟು ಕೇಳಿಸಿಕೊಂಡ. ಕಾರಿನ ಹೆಸರು ಬಂದಾಗ ಅವನ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಕುಟ್ಟತೊಡಗಿದವು. ಆಮೇಲೆ ಅವನು ಮೂಲೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ನಂಗೆ ಕಿವಿ ಕೇಳಲ್ಲ ಸ್ವಾಮಿ, ಕಿವಿ ಇಲ್ಲದೆ ಈ ಕೆಲಸ ಆಗೋದಿಲ್ಲ ಎಂದು, ವನಜಾಕ್ಷಿಯನ್ನು ಬಿಟ್ಟರೆ, ಹೊರಗಿನವರ ಎದುರು ಮೊದಲ ಸಲ ಹೇಳಿದ. ಇವಳು ಪಕ್ಕದಲ್ಲಿ ಕೂತು ಹೇಳ್ತೀನಿ ಅಂದ್ರೆ ಮಾಡ್ತೀನಿ, ಇವಳನ್ನೇ ಕೇಳಿ ಎಂದ.

ಮೂವತ್ತು ವರ್ಷದಲ್ಲಿ ಆ ಕೆಲಸದ ವಿಷಯಕ್ಕೆ ಹೊರಗಿನವರು ಯಾರೂ ಅವಳ ಒಪ್ಪಿಗೆ ಕೇಳಿರಲಿಲ್ಲ. ಮೂವರೂ ಅವಳನ್ನೇ ನೋಡುತ್ತಿದ್ದರು. ಗಂಡನ ಕಣ್ಣಿನಲ್ಲಿ ಇದ್ದ ಆಸೆಯನ್ನು ನೋಡಲಾರದೆ ಅವಳು ತಲೆ ತಗ್ಗಿಸಿದಳು. ಹೂಂ ಅಂದರೆ ಅಂಗಳ ತುಂಬುತ್ತದೆ, ಅವನು ನಗುತ್ತಾನೆ. ಆ ಬೆಳ್ಳಗಿನ ತಗಡು ಅವಳ ಕಣ್ಣ ಮುಂದೆ ಬಂತು. ಒಳ್ಳೆಯದನ್ನು ಕೆಟ್ಟದ್ದು ಎಂದವಳು ನಾಳೆ ಕೆಟ್ಟದ್ದನ್ನು ಒಳ್ಳೆಯದು ಎಂದರೆ, ಆ ಸೀಟಿನಲ್ಲಿ ಯಾರು ಕೂತಿರುತ್ತಾರೋ. ಗಂಡನಿಗೆ ತುಟಿ ಕಾಣಲೆಂದು ತಲೆಯೆತ್ತಿದಳು.

“ನಂಗೂ ಸರಿಯಾಗಿ ಕೇಳಲ್ಲ. ನಾನೂ ಇದೇ ಅಂಗಳದಲ್ಲಿ, ಇದೇ ಸುತ್ತಿಗೆ ಸದ್ದಲ್ಲಿ ಕೂತಿದ್ದವಳಲ್ವಾ.”

ಸನಾವುಲ್ಲಾ ಅವಳ ತುಟಿಯನ್ನೇ ನೋಡುತ್ತಿದ್ದ. ಅವನ ಬೆರಳುಗಳು ಕುಟ್ಟುವುದನ್ನು ನಿಲ್ಲಿಸಿದ್ದವು. ಆಮೇಲೆ ಬಂದವರ ಕಡೆ ತಿರುಗಿ, ಅವರಿಗೆ ಕೇಳಿಸಿಲ್ಲವೇನೋ ಎಂಬಂತೆ, ಇವಳಿಗೂ ಕೇಳಲ್ವಂತೆ ಎಂದು ಹೇಳಿದ.